ಬೆನ್ನು ತಿರುಗಿಸಿ ನಿಲ್ಲುವ ಪರಮಣ್ಣ

ಕೆಟ್ಟ ಗಾಡಿಯೊಂದು ತಮ್ಮ ಅಂಗಡಿಯ ಮುಂದೆ ಬಂದು ನಿಂತರೆ ಪರಮಣ್ಣನವರು ಮೊದಲು ಮಾಡುತ್ತಿದ್ದ ಕೆಲಸ ಅದಕ್ಕೆ ಬೆನ್ನು ತಿರುಗಿಸುವುದು. ಬಾನೆಟ್ ಎತ್ತುವುದಿಲ್ಲ, ಬಗ್ಗಿ ನೋಡುವುದಿಲ್ಲ, ಬಂದವರು ಬಿಚ್ಚಿಡುವ ರೋಗಪುರಾಣಕ್ಕೂ ಗಮನ ಕೊಡುವುದಿಲ್ಲ. "ಚಾಲೂ ಇಡ್ರಿ" ಎಂದು ಒಂದೇ ಮಾತು ಹೇಳಿ, ರಸ್ತೆಯ ಕಡೆ ಮುಖ ಮಾಡಿ, ಕೈಗಳನ್ನು ಹಿಂದಕ್ಕೆ ಕಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ ನಿಂತುಬಿಡುವರು. ಮೊದಲ ಸಲ ಬಂದವರಿಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು. ಇಷ್ಟು ದೂರದಿಂದ ಗಾಡಿ ತಂದರೆ ಈ ಮನುಷ್ಯ ಅದರ ಮೋರೆಯನ್ನೂ ನೋಡುತ್ತಿಲ್ಲವಲ್ಲ ಎಂದು ಗೊಣಗುತ್ತಿದ್ದರು. ಕೇಳಿದರೆ ಅವರ ಸಮಜಾಯಿಷಿ ಸಿದ್ಧವಾಗಿತ್ತು: "ಕಣ್ಣ ಮೋಸ ಮಾಡ್ತಾವ್ರಿ. ಹೊಸಾ ಪಾರ್ಟ್ ಕಂಡ್ರ ಅದರ ಮ್ಯಾಲೇ ಹೋಗಿ ಕುಂದರ್ತಾವ."

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಎರಡು ಬೇವಿನ ಮರಗಳ ನಡುವೆ ತಗಡು ಹಾಸಿದ ಅಂಗಡಿ ಅವರದು. ಅರವತ್ತು ದಾಟಿದ ಎತ್ತರದ ಆಳು. ನಡೆಯುವಾಗ ಎಡಭುಜ ಒಂದಿಷ್ಟು ಮುಂದೆ, ತಲೆ ಒಂದಿಷ್ಟು ಓರೆ, ಯಾರೋ ಕರೆದರೆಂದು ಅರ್ಧ ತಿರುಗಿದವರು ಅಲ್ಲೇ ನಿಂತುಹೋದ ಹಾಗೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಾಯಿಗಳು ಚರಂಡಿಯಲ್ಲಿ ಮಲಗುವ ಹೊತ್ತಿನಲ್ಲೂ ಮೈಮೇಲೆ ಉದ್ದ ತೋಳಿನ ನೀಲಿ ಕೋಟು. ತೀನ್ ಕಂದೀಲ್ ಚೌಕದ ಹಳೇ ಬಟ್ಟೆಯವನಲ್ಲಿ ಕೊಂಡದ್ದಂತೆ. ಕೊಂಡ ದಿನವೇ ಅದರ ಗುಂಡಿಗಳನ್ನೆಲ್ಲ ಕಿತ್ತು ಹಾಕಿದ್ದರು, ಬಾನೆಟ್ಟಿನ ಮೇಲೆ ಬಗ್ಗಿದಾಗ ಜನರ ಗಾಡಿಯ ಬಣ್ಣಕ್ಕೆ ಗೀರು ಬೀಳುತ್ತದೆಂದು. ಗುಂಡಿಯ ಜಾಗದಲ್ಲಿ ಹೆಂಡತಿ ಗೋಪಮ್ಮ ಬಟ್ಟೆಯ ಕಸೆಗಳನ್ನು ಹೊಲಿದುಕೊಟ್ಟಿದ್ದರು. ಬೆಳಿಗ್ಗೆ ಆ ನಾಲ್ಕು ಕಸೆಗಳನ್ನು ಕಟ್ಟಿಕೊಂಡರೆ ಕೆಲಸ ಶುರುವಾಯಿತೆಂದು ಅರ್ಥ, ಆಮೇಲೆ ಸಾಹೇಬರು ಬಂದರೂ ಮಂತ್ರಿಗಳು ಬಂದರೂ ಸರದಿಯಲ್ಲೇ ನಿಲ್ಲಬೇಕು.

ಅವರ ಪದಕೋಶದಲ್ಲಿ ಸದ್ದು ಎಂಬ ಪದವಿರಲಿಲ್ಲ, ಶಬ್ದವೂ ಇರಲಿಲ್ಲ. ನಿಜಾಮನ ಕಾಲದಿಂದ ನಮ್ಮ ಸೀಮೆಯ ಬಾಯಲ್ಲಿ ಉಳಿದುಕೊಂಡ 'ಆವಾಜ' ಒಂದೇ. ಆದರೆ ಆ ಒಂದು ಆವಾಜಿಗೆ ಅವರು ಕಟ್ಟಿದ್ದ ಕ್ರಿಯಾಪದಗಳು ಎಷ್ಟೋ. ಹಳೆಯ ಕಾರುಗಳ ಮೂಲ ಪಂಪು ಸತ್ತ ಮೇಲೆ ಜನ ಹೊರಗಿನಿಂದ ಕರೆಂಟ್ ಪಂಪು ತಂದು ಹಾಕಿಸಿಕೊಳ್ಳುತ್ತಾರಲ್ಲ, ಟಾಕಿಯಿಂದ ಇಂಜಿನ್ನಿಗೆ ಪೆಟ್ರೋಲು ಸಾಗಿಸುವ ಆ ಮುಷ್ಟಿಗಾತ್ರದ ಯಂತ್ರ, ಅದರ ವಿಷಯದಲ್ಲಂತೂ ಅವರು ಪಂಡಿತರು. ನಡುವೆ ರಬ್ಬರಿಲ್ಲದೆ ತಗಡಿಗೇ ಬಿಗಿದ ಪಂಪು 'ಗೊಣಗಾಕತ್ತದ'. ಪೈಪಿನ ಬಿರುಕಿನಿಂದ ಗಾಳಿ ಎಳೆಯುವ ಪಂಪು 'ಬಡಕೊಳ್ಳಾಕತ್ತದ'. ಜಾಳಿಗೆಯಲ್ಲಿ ತುಕ್ಕು ತುಂಬಿಯೋ, ಟಾಕಿಗಿಂತ ಎತ್ತರದಲ್ಲಿ ಕೂತೋ, ಪೆಟ್ರೋಲು ಸಾಲದೆ ಹಸಿದ ಪಂಪು 'ಅಳಾಕತ್ತದ'. ನಾನು ಕನ್ನಡ ಕಲಿಸುವವಳು; ಮೂವತ್ತು ವರ್ಷ ಧಾತುಗಳನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಅವು ಹೀಗೆ ಕೆಲಸ ಮಾಡುವುದನ್ನು ಕಂಡದ್ದು ಆ ತಗಡಿನ ನೆರಳಿನಲ್ಲಿ.

ಅವರ ಹೆಸರು ಜಿಲ್ಲೆಯಲ್ಲಿ ಹರಡಿದ್ದು ಸುಮಾರು ಹತ್ತು ವರ್ಷದ ಹಿಂದೆ, ಒಂದು ಮುಚ್ಚಳದಿಂದ. ದೇವದುರ್ಗದ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಹಳೇ ಪದ್ಮಿನಿ ಕಾರಿಗೆ ಎರಡು ಸಲ ಹೊಸ ಪಂಪು ಹಾಕಿಸಿ ಸೋತು ಬಂದಿದ್ದರು. ಹತ್ತು ಮೈಲಿ ಓಡಿದ ಮೇಲೆ ಪಂಪು ಅಳಲು ಶುರುಮಾಡುತ್ತದೆ, ಹದಿನೈದಕ್ಕೆ ಗಾಡಿಯೇ ನಿಲ್ಲುತ್ತದೆ. ಪರಮಣ್ಣನವರು ಎಂದಿನಂತೆ ಬೆನ್ನು ತಿರುಗಿಸಿ ನಿಂತರು. ಎರಡು ನಿಮಿಷವಾಗಿರಬಹುದು, ತಿರುಗದೆಯೇ ಕೈ ಹಿಂದೆ ಚಾಚಿ "ಟಾಕಿ ಮುಚ್ಚಳ ಬಿಚ್ರಿ" ಎಂದರು. ಬಿಚ್ಚಿದ್ದೇ ತಡ ಒಳಗೆ ಗಾಳಿ ನುಗ್ಗಿದ ಸದ್ದಾಯಿತು, ಪಂಪಿನ ರೋದನ ಹತ್ತು ಎಣಿಸುವುದರೊಳಗೆ ಇಳಿದುಹೋಯಿತು. ಗಾಡಿಗೆ ಬಣ್ಣ ಹೊಡೆದವನು ಮುಚ್ಚಳದಲ್ಲಿ ಗಾಳಿಯಾಡಲೆಂದು ಬಿಟ್ಟಿದ್ದ ಸಣ್ಣ ತೂತಿಗೆ ಮುತುವರ್ಜಿಯಿಂದ ಮೇಣ ಮೆತ್ತಿದ್ದ. "ಉಸಿರ ಕಟ್ಟಿದ್ರ ಯಾರರ ಅಳ್ತಾರಲ್ರಿ" ಎಂದರಂತೆ ಪರಮಣ್ಣ, ಒಂದು ಸೂಜಿಯಿಂದ ಅದನ್ನು ಚುಚ್ಚುತ್ತ. ಅಂದಿನಿಂದ ಮಾನ್ವಿ, ಕವಿತಾಳ, ಮಟಮಾರಿ ಎಲ್ಲ ಕಡೆಯಿಂದಲೂ ಹಳೇ ಗಾಡಿಗಳು ಅವರ ಓಣಿಗೆ ಬರತೊಡಗಿದವು, ಇಂಜಿನ್ನಿನೊಳಗೆ ಕೂದಲು ಬಿದ್ದರೂ ಆತನಿಗೆ ಕೇಳುತ್ತದೆಂದು ಜನ ಹೇಳತೊಡಗಿದರು.

ನನಗೆ ಅವರ ಪರಿಚಯ ಅದಕ್ಕೂ ಹಿಂದಿನದು. ಮಾನ್ವಿಯಲ್ಲಿ ನಮ್ಮ ತಂದೆಯ ಅಕ್ಕಿ ಗಿರಣಿಯಿತ್ತು, ಒಂದು ಬಿಳಿ ಅಂಬಾಸಿಡರ್ ಇತ್ತು. ಬೇಸಿಗೆಯಲ್ಲಿ ಇಂಜಿನ್ನಿನ ಪಕ್ಕದ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಗಾಡಿ ನಡುದಾರಿಯಲ್ಲಿ ನಿಂತುಬಿಡುವುದು. ಪಂಪಿನ ಮೇಲೆ ಹಸಿಬಟ್ಟೆ ಹಾಕಿ, ನೀರು ಚಿಮುಕಿಸಿ, ಅದು ತಣಿಯುವ ತನಕ ಹುಣಸೆ ಮರದ ಕೆಳಗೆ ಕಾಯುವುದು ನಮ್ಮ ಬಾಲ್ಯದ ಪ್ರಯಾಣಗಳ ಸಾಮಾನ್ಯ ಅಧ್ಯಾಯ. ಗಾಡಿ ನೋಡಲು ರಾಯಚೂರಿನಿಂದ ಪರಮಣ್ಣ ಬರುತ್ತಿದ್ದರು. ಅಂಗಳದಲ್ಲೇ ಕೂತು, ತಾವೇ ತಂದ ಸ್ಟೀಲಿನ ಲೋಟವನ್ನು ಚೀಲದಿಂದ ತೆಗೆದು ನಮ್ಮವ್ವ ಎತ್ತರದಿಂದ ಹೊಯ್ಯುವ ಚಹಕ್ಕೆ ಒಡ್ಡುತ್ತಿದ್ದರು. ಆ ಲೋಟವನ್ನು ಅವರೇಕೆ ತರುತ್ತಾರೆಂದು ಕೇಳುವಷ್ಟು ಬುದ್ಧಿ ನನಗೆ ಬಂದದ್ದು ತಡವಾಗಿ. ಬಂದ ಮೇಲೆ ನಾಚಿಕೆಯಿಂದ ಕೇಳಲಿಲ್ಲ. ತಂದೆ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ನಾನು ಬಹುವಚನದಲ್ಲಿ ಬರೆಯುತ್ತಿದ್ದೇನೆ, ಅದರಿಂದ ಹಳೆಯದೇನೂ ತೊಳೆದುಹೋಗುವುದಿಲ್ಲವೆಂದು ಗೊತ್ತಿದ್ದೂ.

ತಂದೆ ತೀರಿಕೊಂಡ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ರಾಯಚೂರಿನಿಂದ ದೇವದುರ್ಗದ ಕಾಲೇಜಿಗೆ ವರ್ಗವಾದಾಗ ಎಲ್ಲರೂ ನಕ್ಕರೂ ನಾನು ಅದನ್ನೇ ಓಡಿಸಿದೆ. ಅದರ ಸೀಟಿನಲ್ಲಿ ತಂದೆಯ ನಶ್ಯದ ಘಾಟು ಇನ್ನೂ ಇತ್ತು, ಬಿಡಲು ಮನಸ್ಸಾಗಲಿಲ್ಲ. ಹೀಗೆ ತಿಂಗಳಿಗೆರಡು ಸಲವಾದರೂ ಪರಮಣ್ಣನವರ ಅಂಗಡಿಗೆ ಹೋಗತೊಡಗಿದೆ, ಹೋಗಿ ಹೋಗಿ ಅವರ ಮೇಲೆ ಒಂದು ಸಿಟ್ಟನ್ನೂ ಸಾಕಿಕೊಂಡೆ.

ಸಿಟ್ಟಿನ ಕಾರಣ ಇದು. ಗಾಡಿ ಓಡಿಸುವವಳು ನಾನು, ಅದರ ಕಷ್ಟ ಬಲ್ಲವಳು ನಾನು. ಆದರೆ ನಾನು ಏನಾದರೂ ಹೇಳಿದರೆ ಪರಮಣ್ಣ ಒಮ್ಮೊಮ್ಮೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಪಾನಾ ಹಿಡಿದು ನಟ್ಟು ತಿರುವುತ್ತ ತಮ್ಮ ಪಾಡಿಗೆ ತಾವಿರುತ್ತಿದ್ದರು. ಅದೇ ಮಾತನ್ನು ಪಕ್ಕದಲ್ಲಿ ನಿಂತ ನನ್ನ ಗಂಡ ಶಿವರಾಜ, ಇಂಜಿನ್ ಯಾವುದು ಗೇರ್ ಪೆಟ್ಟಿಗೆ ಯಾವುದು ಎಂದು ಇಂದಿಗೂ ತಿಳಿಯದ ಮನುಷ್ಯ, ಹೇಳಿದರೆ ತಕ್ಷಣ "ಹೌದೇನ್ರಿ ಸಾಹೇಬ್ರ" ಎಂದು ಎದ್ದು ಬರುವರು. ಇದು ಎರಡು ಮೂರು ವರ್ಷದಿಂದ ಹೆಚ್ಚಾಗಿತ್ತು. ಹೆಂಗಸಿನ ಮಾತೆಂದರೆ ಈತನಿಗೆ ತಾತ್ಸಾರ, ವಯಸ್ಸಾದಂತೆ ಗಂಡಸರಿಗೆ ಏರುವ ಅಮಲು ಇವರಿಗೂ ಏರಿದೆ ಎಂದು ನಾನು ತೀರ್ಮಾನಿಸಿದೆ. ಬೇರೆ ಯಾರಾದರೂ ಆಗಿದ್ದರೆ ಅಂಗಡಿ ಬದಲಿಸುತ್ತಿದ್ದೆ. ಅವರ ವಿದ್ಯೆ ಬೇಕಿತ್ತು, ಹಾಗಾಗಿ ಮೂಗು ಮುರಿಯುತ್ತಲೇ ಹೋಗುತ್ತಿದ್ದೆ.

ಆ ಎರಡು ಮೂರು ವರ್ಷದಲ್ಲೇ ಅವರ ಅಂಗಡಿಯಲ್ಲಿ ಇನ್ನೊಂದೂ ಬದಲಾಗಿತ್ತು. ಗೋಪಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಮೊದಲೇ ಸಣ್ಣದಾಗಿದ್ದ ಆಕೆಯ ದನಿ ಮಕ್ಕಳನ್ನು ಮಲಗಿಸಿ ಮಲಗಿಸಿ ಇನ್ನೂ ಸಣ್ಣಗಾಗಿತ್ತು. ಪಕ್ಕದಲ್ಲಿ ಕೂತರೆ ಮಾತ್ರ ಕೇಳಿಸುವಂಥ ದನಿ. ಮೊದಲೆಲ್ಲ ಮಧ್ಯಾಹ್ನ ಕೆಲಸ ಮುಗಿಸಿ ಬುತ್ತಿ ತಂದು, ಹಳೇ ಟೈರಿನ ಮೇಲೆ ಕೂತು, ಗಂಡನೊಡನೆ ರೊಟ್ಟಿ ಮುರಿಯುತ್ತ ಅರ್ಧ ಗಂಟೆ ಏನೇನೋ ಹೇಳುತ್ತಿದ್ದರು. ಪರಮಣ್ಣನವರು ನಗುತ್ತಿದ್ದದ್ದನ್ನು ನಾನು ನೋಡಿದ್ದು ಆ ಅರ್ಧ ಗಂಟೆಯಲ್ಲಿ ಮಾತ್ರ. ಈಗ ಗೋಪಮ್ಮ ಬುತ್ತಿಯನ್ನು ಎದುರಿನ ಇಮಾಮ್ ಬೀಯವರ ಚಹದಂಗಡಿಯಲ್ಲಿಟ್ಟು, ರಸ್ತೆ ದಾಟದೆ, ಹಾಗೇ ಹೋಗಿಬಿಡುತ್ತಿದ್ದರು.

"ಎರಡ್ ವರ್ಷ ಆತ್ರಿ ಮೇಡಂ, ಮನ್ಯಾಗ ಮಾತೇ ಇಲ್ಲ" ಎಂದು ಇಮಾಮ್ ಬೀ ನನಗೆ ಹೇಳಿದ್ದರು. "ಗೋಪವ್ವನ ತಾಯಿ ಸತ್ತಾಗಿಂದ ಹಿಂಗ."

ಒಂದು ದಿನ ಪರಮಣ್ಣನವರನ್ನೇ ಎದುರಿಗೆ ಕೂತು ಕೇಳಿದೆ, ಗೋಪಮ್ಮ ಆರಾಮ ಇದ್ದಾರೇನ್ರಿ ಎಂದು. ನನ್ನ ಬಾಯನ್ನೇ ನೋಡುತ್ತಿದ್ದವರು ಬಹಳ ಹೊತ್ತು ಕೈ ಒರೆಸಿಕೊಂಡು, ಆಮೇಲೆ ಹೇಳತೊಡಗಿದರು. ಅರಕೇರಾದಲ್ಲಿ ಹುಟ್ಟಿದ ಅವರಿಗೆ ಹೆತ್ತ ತಾಯಿಯ ಮುಖದ ನೆನಪಿಲ್ಲ. ನಾಲ್ಕು ವರ್ಷದ ಕೂಸನ್ನು ದೇವದುರ್ಗಕ್ಕೆ ಎತ್ತಿಕೊಂಡು ಹೋಗಿ, ತನ್ನ ಮಕ್ಕಳ ಗಂಗಾಳದಲ್ಲೇ ಉಣಿಸಿ ಬೆಳೆಸಿದವರು ಸೋದರತ್ತೆ ಅಮರಮ್ಮ. ಮುಂದೆ ತನ್ನ ಮಗಳು ಗೋಪಮ್ಮನನ್ನೇ ಕೊಟ್ಟು ಮದುವೆ ಮಾಡಿದವರೂ ಆಕೆಯೇ. ಆ ಅಮರಮ್ಮ ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂದ ಬೆಳಿಗ್ಗೆ ಗೋಪಮ್ಮ ಒಬ್ಬರೇ ಬಸ್ಸು ಹತ್ತಿ ಹೋದರು. ಸಂಜೆಗೆ ಅಮರಮ್ಮ ಇಲ್ಲವಾದರು. ಪರಮಣ್ಣನವರಿಗೆ ಗೊತ್ತಾದದ್ದು ಭಾವಮೈದುನನ ಫೋನಿನಿಂದ.

"ನನಗೊಂದ ಮಾತ ಹೇಳದಂಗ ಹೋದ್ಳ್ರೀ ಅಕ್ಕೋರ" ಎಂದರು. ನಾನು ಪಾಠ ಹೇಳುವವಳಾದ್ದರಿಂದ ಅವರಿಗೆ ನಾನು ಅಕ್ಕೋರು. "ನಾ ಏನ್ ಹೊರಗಿನಾಂವೇನ್ರಿ? ಆಕಿ ನನಗೂ ಅವ್ವ ಅಲ್ಲೇನ್ರಿ? ಹೋಗಿ ನೋಡಿದ್ರ ಮುಖದ ಮ್ಯಾಲ ಬಟ್ಟಿ ಹೊದಿಸಿಬಿಟ್ಟಿದ್ರು."

ಗೋಪಮ್ಮನಂಥ ಮೃದು ಹೆಂಗಸು ಹಾಗೇಕೆ ಮಾಡಿದರೆಂದು ನನಗೂ ತಿಳಿಯಲಿಲ್ಲ. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ನಮಗೆ ಕಾಣದ ಗಾಯಗಳಿರಬಹುದು ಎಂದುಕೊಂಡು ಸುಮ್ಮನಾದೆ.

ಕಳೆದ ಬೇಸಿಗೆಯಲ್ಲಿ ನನ್ನ ಗಾಡಿ ದೇವದುರ್ಗದ ದಾರಿಯ ಗಬ್ಬೂರಿನ ಬಳಿ ಒಂದೇ ವಾರದಲ್ಲಿ ಮೂರು ಸಲ ಕೈಕೊಟ್ಟಿತು. ಹಸಿಬಟ್ಟೆಯ ಉಪಚಾರಕ್ಕೆ ಬಗ್ಗಲಿಲ್ಲ. ಶಿವರಾಜರು ಹೈದರಾಬಾದಿಗೆ ಹೋದವರು ಗಾಡಿಯನ್ನೂ ಒಯ್ದು, ಯಾವುದೋ ಬಜಾರಿನಲ್ಲಿ ಯಾವುದೋ ಹೆಸರಿಲ್ಲದ ಕರೆಂಟ್ ಪಂಪನ್ನು ಯಾರ ಕೈಯಲ್ಲೋ ಹಾಕಿಸಿಕೊಂಡು ಬಂದರು. ಗಾಡಿ ನಡುದಾರಿಯಲ್ಲಿ ನಿಲ್ಲುವುದೇನೋ ತಪ್ಪಿತು, ಆದರೆ ಹಿಂದಿನ ಸೀಟಿನ ಅಡಿಯಿಂದ ಒಂದು ತೆಳ್ಳನೆಯ, ಎತ್ತರದ, ಎಳೆ ಮುರಿಯದ ಕಿರುದನಿ ಶುರುವಾಯಿತು. ಬೀಗದ ಕೈ ತಿರುಗಿಸಿದೊಡನೆ ಹತ್ತಿಕೊಳ್ಳುವುದು, ದೇವದುರ್ಗ ಮುಟ್ಟುವ ತನಕ ಹಲ್ಲಿನ ನಡುವೆ ಸಿಕ್ಕ ನಾರಿನಂತೆ ಬಾಧಿಸುವುದು. ಎರಡೇ ದಿನಕ್ಕೆ ನನಗೆ ತಲೆನೋವು ಬಂತು.

ಪರಮಣ್ಣನವರಲ್ಲಿಗೆ ಹೋದೆ. ಅವರು ಬೆನ್ನು ತಿರುಗಿಸಿ ನಿಂತರು. ನಾನು ಬೀಗದ ಕೈ ತಿರುಗಿಸಿದೆ. ಐದು ನಿಮಿಷ ನಿಂತವರು ತಿರುಗಿ, "ಆವಾಜ ಇಲ್ಲಲ್ರಿ" ಎಂದರು.

ನನಗೆ ರಕ್ತ ಕುದಿಯಿತು. ಹೆಂಗಸು ತಂದ ದೂರೆಂದು ಅದನ್ನು ದೂರೆಂದೇ ಒಪ್ಪುವುದಿಲ್ಲವೇ ಈ ಮನುಷ್ಯ? "ಇಷ್ಟು ಕೇಳ್ತದಲ್ರಿ, ನಿಮಗ ಬ್ಯಾಡಾದ್ರ ಬ್ಯಾಡ ಅನ್ರಿ" ಎಂದು ಸಿಡಿದು, ಬಾಗಿಲು ಬಡಿದು ಹೊರಟುಬಂದೆ. ಮೂರು ದಿನ ಬಿಟ್ಟು, ತಲೆನೋವು ಸ್ವಾಭಿಮಾನಕ್ಕಿಂತ ದೊಡ್ಡದಾದಾಗ, ಮತ್ತೆ ಹೋದೆ. ಮತ್ತೆ ಬೆನ್ನು, ಮತ್ತೆ ಓರೆ ತಲೆ, ಮತ್ತೆ ಅದೇ ಉತ್ತರ. ಈ ಸಲ ಅಂಗಡಿಯ ಎದುರಿನಿಂದ ಇಮಾಮ್ ಬೀ ಚಹದ ಕೆಟಲು ಹಿಡಿದೇ ರಸ್ತೆ ದಾಟಿ ಬಂದರು.

"ಯಾ ಅಲ್ಲಾ, ಏನ್ ಆವಾಜ್ ಇದು! ನನ್ನ ಅಂಗಡಿತನಾ ಬರಾಕತ್ತದ. ಬಂದ್ ಮಾಡಸ್ರಿ ಪರಮಣ್ಣ, ಗಿರಾಕಿ ಕುಂದರವಲ್ರು."

ಪರಮಣ್ಣ ಆಕೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಹೆಂಗ್ ಬರಾಕತ್ತದ? ಮಾಡಿ ತೋರಸ್ರಿ" ಎಂದರು. ಇಮಾಮ್ ಬೀ ತುಟಿ ಚೂಪು ಮಾಡಿ ಪಂಪಿನ ದನಿಯನ್ನು ಹಾಗೇ ತೆಗೆದು ತೋರಿಸಿದರು. ಪರಮಣ್ಣ ಆ ಚೂಪು ತುಟಿಗಳನ್ನೇ ನೋಡುತ್ತ ನಿಂತರು, ಅವು ಮುಚ್ಚಿದ ಮೇಲೂ ನೋಡುತ್ತಲೇ ಇದ್ದರು. ನಂತರ ಗೋಣಿ ಹಾಸಿ ಗಾಡಿಯ ಅಡಿಗೆ ತೆವಳಿದರು. ನಾನು ಬಗ್ಗಿ ನೋಡಿದೆ. ಸ್ಕ್ರೂ ಬಿಚ್ಚುವ ಉದ್ದನೆಯ ಪೇಚ್‌ಕಸ್ಸಿನ ತುದಿಯನ್ನು ಪಂಪಿಗೆ ಆನಿಸಿ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಕಣ್ಣು ಮುಚ್ಚಿತ್ತು.

"ಹಲ್ಲಿಗೆ ಬರಾಕತ್ತದ" ಎಂದರು ಅಡಿಯಿಂದಲೇ. ಸ್ವಲ್ಪ ಹೊತ್ತಿನ ಮೇಲೆ, "ಅಳಾಕತ್ತದ. ಭಾಳ ಜೋರ ಅಳಾಕತ್ತದ" ಎಂದರು.

ಒಂದು ತಾಸು ಕೆಲಸ ಹಿಡಿಯಿತು. ಪಂಪನ್ನು ಟಾಕಿಗಿಂತ ಎತ್ತರದಲ್ಲಿ, ಬರೀ ತಗಡಿಗೆ ಬಿಗಿದಿದ್ದರು; ಮೇಲಕ್ಕೆ ಎಳೆದು ಎಳೆದು ಅದು ಏದುಸಿರು ಬಿಡುತ್ತಿತ್ತು, ಆ ಏದುಸಿರನ್ನು ತಗಡು ನಗಾರಿಯ ಹಾಗೆ ಊರಿಗೆಲ್ಲ ಸಾರುತ್ತಿತ್ತು. ಪರಮಣ್ಣ ಅದನ್ನು ಬಿಚ್ಚಿ ಕೆಳಗಿಳಿಸಿದರು, ಜಾಳಿಗೆಯ ತುಕ್ಕು ತೊಳೆದರು, ಹಳೇ ಟ್ಯೂಬಿನ ಎರಡು ತುಂಡು ಕೊಯ್ದು ನಡುವೆ ಮೆತ್ತೆ ಹಾಕಿ ಬಿಗಿದರು. ಎದ್ದು ಬಂದು, ಕೈಗೆ ಹತ್ತಿದ ಮಣ್ಣನ್ನೂ ಒರೆಸದೆ, ನಲವತ್ತು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ನನ್ನನ್ನು ಕೇಳಿದರು.

"ನಿಂತದೇನ್ರಿ ಅಕ್ಕೋರ?"

ನಿಂತಿತ್ತು. ಬೇವಿನ ಮರದ ಗುಬ್ಬಿಗಳ ದನಿ ಕೇಳುವಷ್ಟು ನಿಂತಿತ್ತು. ನಾನು ತಲೆಯಾಡಿಸಿದೆ. ಇಷ್ಟು ದಿನ ಸಾಕಿದ ಸಿಟ್ಟು ಕಾಲಬುಡದಲ್ಲಿ ಬಿದ್ದಿತ್ತು, ಅದನ್ನು ನೋಡಲು ನನಗೇ ಅಸಹ್ಯವಾಯಿತು.

"ಒಂದ್ ಕೆಲಸ ಮಾಡ್ರಿ" ಎಂದರು ಅವರು. "ಆ ಕಡಿ ಮುಖ ಮಾಡಿ ಏನರ ಒಂದ ಮಾತಾಡ್ರಿ."

ನಾನು ಗೋಡೆಗೆ ಮುಖ ಮಾಡಿ, ನಿಮ್ಮ ಬೇವಿನ ಮರದಾಗ ಈ ಸಲ ಹೂವು ಭಾಳ ಬಂದಾವ ಪರಮಣ್ಣ ಎಂದೆ, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಲ್ಲ, ಮನೆಯಲ್ಲಿ ಆಡುವ ದನಿಯಲ್ಲಿ. ತಿರುಗಿ ನೋಡಿದರೆ ಅವರು ತಲೆ ಓರೆ ಮಾಡಿ ಕಾಯುತ್ತಿದ್ದರು.

"ಮಾತಾಡ್ರಿ" ಎಂದರು.

ಇಮಾಮ್ ಬೀ ಕೆಟಲನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪರಮಣ್ಣ ನಮ್ಮಿಬ್ಬರ ಮುಖಗಳಲ್ಲಿ ಉತ್ತರ ಓದಿಕೊಂಡರು. ಅಲ್ಲೇ ಟೈರಿನ ಮೇಲೆ ಕುಸಿದು ಕೂತರು. ಕಿವಿ ಹೋಯಿತೆಂದು ಅಳಲಿಲ್ಲ, ನಾಳೆ ಅಂಗಡಿಯ ಗತಿಯೇನೆಂದು ಕೇಳಲಿಲ್ಲ. ಅವರ ಬಾಯಿಂದ ಬಂದದ್ದು ಬೇರೆಯೇ ಮಾತು.

"ಹಂಗಾರ ಅವತ್ತ ಗೋಪಮ್ಮ ನನಗ ಹೇಳಿರಬೇಕು."

ನಾನೇ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಮನೆಗೆ ಕರೆದೊಯ್ದೆ. ಮಾವಿನಕೆರೆಯ ಆಚೆಯ ಓಣಿಯಲ್ಲಿ, ಹೊಸ್ತಿಲ ಒಳಗೆ, ಗೋಪಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಡ ಬಂದದ್ದನ್ನು ನೋಡಿ ಗಾಬರಿಯಾದರೂ ಕೇಳಿದ್ದು ನನ್ನನ್ನೇ: "ಏನಾತ್ರಿ ಅಕ್ಕೋರ?" ಪರಮಣ್ಣ ಆಕೆಯ ಎದುರಿಗೆ ನೆಲಕ್ಕೆ ಕೂತರು.

"ಅವತ್ತ ಬೆಳಿಗ್ಗಿ ನನಗೇನರ ಹೇಳಿದ್ದೇನು? ನನಗ ಕೇಳಿಲ್ಲ. ಕಿವಿ ಹೋಗ್ಯಾವ."

ಗೋಪಮ್ಮ ನಗಲಿಲ್ಲ, ಆದರೆ ನಗುವಿಗಿಂತ ಕಹಿಯಾದದ್ದೊಂದು ಅವರ ಮುಖದಲ್ಲಿ ಸುಳಿಯಿತು. ನನ್ನ ಕಡೆ ತಿರುಗಿ, ಆ ಸಣ್ಣ ದನಿಯಲ್ಲೇ, "ಸುಳ್ಳ ಹೇಳಬೇಕಾದ್ರ ನಂಬೋ ಸುಳ್ಳರ ಹೇಳಬೇಕಲ್ರಿ" ಎಂದರು. "ಜಿಲ್ಲಾದ ಗಾಡಿ ಎಲ್ಲಾ ಇವರ ಕಿವ್ಯಾಗ ಮಾತಾಡ್ತಾವ. ಮೂರು ಮಾರ ದೂರ ನಿಂತ ಹೆಂಡ್ತಿ ಮಾತ ಕೇಳಲಿಲ್ಲಂದ್ರ ಯಾರ ನಂಬಬೇಕ್ರಿ?"

ನಾನು ಪಂಪಿನ ವಿಷಯವನ್ನು ಹೇಳಿದೆ. ಇಮಾಮ್ ಬೀ ಹೇಳಿದ್ದನ್ನು ಹೇಳಿದೆ, ಗೋಡೆಗೆ ಮುಖ ಮಾಡಿ ಮಾತಾಡಿದ್ದನ್ನು ಹೇಳಿದೆ. ಗೋಪಮ್ಮ ಮೊರದ ಮೇಲೆ ಕೈಯಿಟ್ಟು ಕೇಳಿದರು. ಕೇಳಿ, ಎದ್ದರು. ಗಂಡನ ಪಕ್ಕದಿಂದ ಹಾದು, ಅವರ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತರು. ಪರಮಣ್ಣ ಆಕೆ ನೀರು ತರಲು ಹೋದಳೆಂದು ತಿಳಿದು ನನ್ನ ಮುಖ ನೋಡುತ್ತಿದ್ದರು. ಆಗ ಗೋಪಮ್ಮ ಹಿಂದಿನಿಂದ ಕರೆದರು.

"ಪರಮಾ."

ನಮ್ಮ ಸೀಮೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮತದಾರರ ಪಟ್ಟಿಯವರು ಬಂದು ಕೇಳಿದರೂ ಪಕ್ಕದ ಮನೆಯವರನ್ನು ಕರೆದು ಹೇಳಿಸುತ್ತಾರೆ. ನನ್ನಂಥ ಓದಿದವರೂ, ಕಾಗದದ ಮೇಲೆ ಹೆಸರು ಬರೆದರೂ, ನಾಲ್ಕು ಜನರೆದುರು 'ನಮ್ಮ ಮನೆಯವರು' ಎಂದೇ ದಾಟಿಸುತ್ತೇವೆ. ಹೆಂಡತಿಯ ಬಾಯಿಂದ ತನ್ನ ಹೆಸರು ಬಂದರೆ ಎಂಥ ಗಂಡಸಾದರೂ ಬೆಚ್ಚಿ ತಿರುಗಿಯೇ ತಿರುಗುತ್ತಾನೆ. ಪರಮಣ್ಣ ತಿರುಗಲಿಲ್ಲ. ಗೋಪಮ್ಮ ಇನ್ನೊಮ್ಮೆ ಕರೆದರು, ಈ ಸಲ ದನಿ ಒಡೆಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಕಣ್ಣಿನಲ್ಲಿ ನೀರು ಬಂದದ್ದನ್ನು ಕಂಡು, "ಯಾಕ್ರಿ ಅಕ್ಕೋರ, ಏನಾತ್ರಿ?" ಎಂದರು.

ಗೋಪಮ್ಮ ಮುಂದೆ ಬಂದರು. ಗಂಡನ ಎದುರಿಗೆ, ಮೊಣಕಾಲಿಗೆ ಮೊಣಕಾಲು ಮುಟ್ಟುವ ಹಾಗೆ ಕೂತರು. ತುಟಿಗಳನ್ನು ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಅವ್ವ ನಿಮ್ಮನ್ನ ಕೇಳಾಕತ್ತಾಳಂತ, ನಡೀರಿ ಇಬ್ರೂ ಹೋಗಮು ಅಂದಿದ್ದೆ. ನೀವು ಆ ಕಡಿ ಮುಖ ಮಾಡಿ ಕೋಟ ಕಟಗೊಳ್ಳಾಕತ್ತಿದ್ರಿ. ಮೂರ ಸಲ ಅಂದೆ. ನೀವು ಕಟಗೊಂಡು ಹೋಗಿಬಿಟ್ರಿ."

ಪರಮಣ್ಣ ಆ ತುಟಿಗಳಿಂದ ಎಲ್ಲವನ್ನೂ ತಿಳಿದುಕೊಂಡರು. ತನ್ನನ್ನು ಕರೆಯದೆ ಹೋದಳೆಂದು ಆತ, ಕರೆದರೂ ಬರಲಿಲ್ಲವೆಂದು ಈಕೆ, ಒಂದೇ ಒಲೆಯ ಅಡುಗೆ ಉಂಡು ಎರಡು ವರ್ಷ ಕಳೆದಿದ್ದರು. "ಮತ್ತ ಯಾಕ ಕೇಳಲಿಲ್ಲ ನೀ?" ಎಂದು ಅವರು, "ನೀವ್ಯಾಕ ಕೇಳಲಿಲ್ಲ?" ಎಂದು ಆಕೆ. ಆಮೇಲೆ ಪರಮಣ್ಣ ಮೊರದೊಳಗಿನ ತೊಗರಿಯ ಮೇಲೆ ತಲೆಯಿಟ್ಟು ಅತ್ತರು, ತಾಯಿ ಸತ್ತ ಸುದ್ದಿ ಆಗಷ್ಟೇ ಬಂದವರಂತೆ. ನಾನು ಅಲ್ಲಿ ಇರಬಾರದೆನ್ನಿಸಿ ಹೊರಗೆ ಬಂದು ಗಾಡಿಯಲ್ಲಿ ಕೂತೆ.

ಮಾರನೆಯ ದಿನ ಅವರಿಬ್ಬರೂ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಅಮರಮ್ಮನ ಮಣ್ಣಿಗೆ ಕೈಮುಗಿದು ಬಂದರಂತೆ. ನಾನು ಗಾಡಿ ತರುತ್ತೇನೆಂದೆ, ಒಪ್ಪಲಿಲ್ಲ. ದೊಡ್ಡಾಸ್ಪತ್ರೆಗೆ ಮಾತ್ರ ನಾನೇ ಕರೆದೊಯ್ದೆ. ನಲವತ್ತು ವರ್ಷ ಸುತ್ತಿಗೆ ಮತ್ತು ಇಂಜಿನ್ನಿನ ನಡುವೆ ಇದ್ದವರಿಗೆ ಹೀಗೇ ಆಗುತ್ತದೆ ಎಂದರು ಡಾಕ್ಟರು. ದಪ್ಪ ಸದ್ದುಗಳು ಉಳಿಯುತ್ತವೆ, ಸಣ್ಣ, ಎತ್ತರದ ದನಿಗಳು ಮೊದಲು ಹೋಗುತ್ತವೆ, ಯಂತ್ರದ ಕಿರುದನಿ, ಹಕ್ಕಿ, ಮಕ್ಕಳು, ಹೆಂಗಸರು. ಹೋದದ್ದು ಗೊತ್ತೂ ಆಗುವುದಿಲ್ಲ, ಲೋಕವೇ ಮೆಲ್ಲಗೆ ಸುಮ್ಮನಾಗುತ್ತಿದೆ ಎಂದುಕೊಳ್ಳುತ್ತಾರೆ. ಕಿವಿಗೊಂದು ಸಣ್ಣ ಯಂತ್ರ ಕೊಟ್ಟರು. ಅದನ್ನು ಪರಮಣ್ಣ ಅಂಗಡಿಯಲ್ಲಿ ಹಾಕಿಕೊಳ್ಳುವುದಿಲ್ಲ, ಪಂಪುಗಳಿಗೆ ಹಲ್ಲು ಸಾಕೆನ್ನುತ್ತಾರೆ. ಮಧ್ಯಾಹ್ನ ಗೋಪಮ್ಮ ರಸ್ತೆ ದಾಟಿ ಬರುವುದು ಕಂಡಾಗ ಜೇಬಿನಿಂದ ತೆಗೆದು, ಕೈ ಒರೆಸಿಕೊಂಡು, ಕಿವಿಗೆ ಸಿಕ್ಕಿಸುತ್ತಾರೆ.

"ಕೇಳಸ್ತದೇನ್ರಿ ಈಗ?" ಎಂದು ಒಮ್ಮೆ ಕೇಳಿದೆ.

"ಕೇಳಸ್ತದ. ಆದ್ರ ರೇಡಿಯೋದಾಗ ಬಂದಂಗ ಬರತದ್ರಿ, ಅದು ಆಕಿ ದನಿ ಅಲ್ಲ" ಎಂದರು. "ಆಕಿ ದನಿ ಹೆಂಗಿತ್ತಂತ ನನಗ ಗೊತ್ತದ. ಅದು ಇನ್ನ ಬರಂಗಿಲ್ಲ."

ಇನ್ನೊಂದು ಮಾತನ್ನು ಅವರು ಕೇಳಿದ್ದು ತಿಂಗಳ ಮೇಲೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ. "ನನ್ನ ಹೆಸರ ಹಿಡದು ಕರದ್ಳಂತ, ಖರೇನೇನ್ರಿ?" ನಾನು ಹೌದೆಂದೆ. ದೇವದುರ್ಗದ ಮನೆಯಲ್ಲಿ ಕೂಡಿ ಬೆಳೆಯುತ್ತಿದ್ದಾಗ ಗೋಪಮ್ಮ ಅವರನ್ನು ಹಾಗೇ ಕರೆಯುತ್ತಿದ್ದರಂತೆ, ಪರಮಾ ಎಂದು, ದಿನಕ್ಕೆ ನೂರು ಸಲ. ಮದುವೆ ಗೊತ್ತಾದ ದಿನ ಅಮರಮ್ಮ ಮಗಳ ಬಾಯಿಗೆ ಬೆರಳು ಇಟ್ಟು ನಿಲ್ಲಿಸಿದರು. ಅಲ್ಲಿಂದ ಒಮ್ಮೆಯೂ ಇಲ್ಲ.

"ಹೆಂಗ್ ಕರದ್ಳ್ರೀ? ಸಿಟ್ಟಿಲೇನು?"

"ಸಿಟ್ಟಿಲೆ ಅಲ್ರಿ" ಎಂದೆ. "ಆಡಾಕ ಹೋದೋರನ್ನ ಊಟಕ್ಕ ಕರೀತಾರಲ್ಲ, ಹಂಗ."

"ಮತ್ತೊಮ್ಮೆ ಕರಿ ಅಂದ್ರ ನಾಚಗೋತಾಳ್ರಿ. ಯಂತ್ರ ಹಾಕ್ಕೊಂಡು ಎಷ್ಟ ಸಲ ಕೇಳೀನಿ. ಒಲ್ಲೆ ಅಂತಾಳ" ಎಂದರು. ಆಮೇಲೆ ನಾನು ಅಂಗಡಿಗೆ ಹೋದಾಗಲೆಲ್ಲ, ಗಾಡಿಗೆ ಏನೂ ಆಗಿರದಿದ್ದರೂ, ಅವರು ಅದನ್ನು ಇನ್ನೊಮ್ಮೆ ಹೇಳಿಸುತ್ತಾರೆ, ಹೆಂಗ್ ಕರದ್ಳು ಎಂದು. ನಾನು ನನ್ನ ದನಿಯಲ್ಲಿ ಹೇಳಿ ತೋರಿಸಲು ಹೋಗಿ ಪ್ರತಿ ಸಲವೂ ಸೋಲುತ್ತೇನೆ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಒಂದು ವಿದ್ಯೆ ಮೈಗೆ ಹತ್ತಿ, ಅದರಿಂದಲೇ ಹೆಸರಾಗಿ, ಆ ಹೆಸರನ್ನು ಕಸೆ ಕಟ್ಟಿದ ಕೋಟಿನಂತೆ ಎಲ್ಲ ಕಾಲಕ್ಕೂ ತೊಟ್ಟು ತಿರುಗುವವರು. ಅವರ ಕೈಯಿಂದ ನಮ್ಮ ಕೆಲಸ ಆಗುತ್ತಿರುವ ತನಕ ಅವರಲ್ಲಿ ಏನೋ ಸವೆಯುತ್ತಿದೆಯೆಂದು ನಮಗೆ ತೋಚುವುದೇ ಇಲ್ಲ. ತೋಚಿದರೂ ಅದನ್ನು ಗರ್ವವೆಂದೋ ತಾತ್ಸಾರವೆಂದೋ ಕರೆದು ಮುಂದೆ ಹೋಗುತ್ತೇವೆ, ನಾನು ಹೋದ ಹಾಗೆ. ನೂರು ಜನಕ್ಕೆ ಬಡಿಸುವವಳನ್ನು ನೀನು ಉಂಡೆಯಾ ಎಂದು ಕೇಳಲು ಮರೆಯುತ್ತೇವಲ್ಲ, ಹಾಗೆ, ಊರಿನ ಆವಾಜನ್ನೆಲ್ಲ ಕೇಳುವವರನ್ನು ನಿಮಗೆ ನಮ್ಮ ಮಾತು ಕೇಳಿಸಿತೇ ಎಂದು ಯಾರೂ ಕೇಳುವುದಿಲ್ಲ. ಮನೆಯವರೂ ಕೇಳುವುದಿಲ್ಲ.